ಕಾಂಪೌಂಡರ್ ಒಣಗಿಸಿದ ಗಾಯ

ಮೊನ್ನೆ ನಮ್ಮ ಪಡಸಾಲೆಯಲ್ಲಿ ಅದೇ ಮುಗ್ಗಲು ವಾಸನೆ... ತರಕಾರಿ ಹೆಚ್ಚುವಾಗ ಮಗಳು ಬೆರಳು ಕೊಯ್ದುಕೊಂಡಿದ್ದಳು. ಪಕ್ಕದ ಮನೆಯವಳು ಕೆಂಪು-ಹಳದಿ ಕ್ಯಾಪ್ಸೂಲೊಂದನ್ನು ಮುರಿದು, ಒಳಗಿನ ಪುಡಿಯನ್ನು ಗಾಯಕ್ಕೆ ಉದುರಿಸಲು ಹಿಡಿದಿದ್ದಳು. ಭರಮಸಾಗರದ ಆ ಕಾಂಪೌಂಡರ್ ಕಣ್ಣಮುಂದೆ ಬಂದು ನಿಂತ.

ಅವನೇನು ಡಾಕ್ಟರಲ್ಲ. ಚಿತ್ರದುರ್ಗದ ಯಾವುದೋ ದವಾಖಾನೆಯಲ್ಲಿ ಸೂಜಿ ಕುದಿಸಿಕೊಂಡಿದ್ದವ. ಊರಿಗೆ ಬಂದು ಬಸ್‌ಸ್ಟ್ಯಾಂಡ್ ಹತ್ತಿರ ಮಳಿಗೆ ಹಿಡಿದ ಮೇಲೆ ಕೊರಳಿಗೆ ಸ್ಟೆತಾಸ್ಕೋಪು, ಜೇಬಿಗೆ ಪೆನ್ನು... ಬರೆಯುವುದಕ್ಕಲ್ಲ, ಶೋಕಿಗೆ. ಜ್ವರಕ್ಕೂ ಇಂಜೆಕ್ಷನ್, ಸುಸ್ತಿಗೂ ಇಂಜೆಕ್ಷನ್. ಗಾಯವಾದರೆ ಮಾತ್ರ ಕ್ಯಾಪ್ಸೂಲ್ ಮುರಿದು ಪುಡಿ. ಒಣಗಿ ಹಕ್ಕಳೆ ಕಟ್ಟಿತೆಂದರೆ ವಾಸಿಯಾಯಿತೆಂದೇ ಅವನ ಲೆಕ್ಕ. ಕುಡುಗೋಲು ತಾಗಿಸಿಕೊಂಡವರಿಗೆ ಅದು ಹೇಗೋ ನಡೆಯುತ್ತಿತ್ತು, ಅಷ್ಟಕ್ಕೇ ಊರೆಲ್ಲ ಅವನಿಗೆ ಕೈಮುಗಿಯುತ್ತಿತ್ತು. ಥೂ!

ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲೆ, ಅವಳಿನ್ನೂ ಚಿಕ್ಕವಳಿರುವಾಗಲೇ, ಬೆಂಗಳೂರಿನಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿದೆವು. ಕಿವಿಯ ಹಿಂದೆ ಚರ್ಮದಡಿ ಒಂದು ಯಂತ್ರ, ಅದರ ಮೇಲೆ ಹೊರಗಿನಿಂದ ಆಯಸ್ಕಾಂತದಲ್ಲಿ ಅಂಟಿಕೊಳ್ಳುವ ಬಿಲ್ಲೆ. ಮೊದಲ ಸಲ ಕುಕ್ಕರ್ ಕೂಗಿದ್ದು ಕೇಳಿ ಮಗು ಬೆಚ್ಚಿ ನನ್ನ ಸೀರೆ ಹಿಡಿದುಕೊಂಡಿತು. ನಾನು ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟೆ. ಆಪರೇಷನ್ ಗಾಯ ಕೆಂಪಾದರೆ, ಊದಿದರೆ, ಒಸರಿದರೆ ಏನೂ ಹಚ್ಚದೆ ನೇರ ಇಲ್ಲಿಗೇ ಬನ್ನಿ ಎಂದು ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿ ಕಳಿಸಿದ್ದರು.

ಒಸರಿತು. ನಾನು ಬಿಲ್ಲೆ ತೆಗೆದಿಟ್ಟು ಬೆಂಗಳೂರಿಗೆ ಹೊರಟು ನಿಂತರೆ, ನನ್ನ ಗಂಡ ಹೋಗಿ ಕಾಂಪೌಂಡರನ್ನು ಕರೆತಂದರು.

“ಇಷ್ಟಕ್ಕೆಲ್ಲ ಬೆಂಗ್ಳೂರಿಗೆ ಓಡ್ತಾರೇನಮ್ಮ? ಕುಂತ್ಕಳ್ರಿ, ನಾನಿಲ್ವಾ?” ಅಂದ ಅವನು.

“ಒಳಗೆ ಮಿಷನ್ ಐತ್ರಿ, ಮುಟ್ಟಬ್ಯಾಡ್ರಿ” ಅಂದೆ.

“ಮಿಷನ್ ಒಳಗೈತೆ, ಗಾಯ ಹೊರಗೈತೆ” ಎಂದು ಹಲ್ಲು ಕಿರಿದ. ಆಹಾ, ಎಂಥ ಬುದ್ಧಿವಂತ!

“ಸುಮ್ಕಿರೇ, ಅವ್ರಿಗೆ ತಿಳೀದೇ ಇರ್ತೈತಾ?” ಎಂದು ಗಂಡ ನನ್ನ ಮಡಿಲಿಂದ ಮಗುವನ್ನು ಕಿತ್ತುಕೊಂಡು ಅವನ ಮುಂದೆ ಕೂರಿಸಿದರು. ಕ್ಯಾಪ್ಸೂಲ್ ಮುರಿಯಿತು, ಪುಡಿ ಬಿತ್ತು, ಮೇಲೊಂದು ಪ್ಲಾಸ್ಟರ್ ಅಂಟಿತು.

ದಿನಾ ಬಂದು ಉದುರಿಸಿದ. ಒಣಗಿತು. “ನೋಡ್ರಿ, ಹೆಂಗ್ ಒಣಗೈತೆ!” ಎಂದು ಬೀದಿಯವರನ್ನೆಲ್ಲ ಕರೆದು ತೋರಿಸಿದ. ಆ ಹಕ್ಕಳೆಯ ಕೆಳಗೆ ಕೀವು ಹೊರಬರಲು ದಾರಿಯಿಲ್ಲದೆ ಒಳಕ್ಕೇ ಇಳಿಯುತ್ತಿತ್ತು. ಮಗು ಆ ಮಗ್ಗುಲಿಗೆ ತಲೆಯಿಡಲಾರದೆ ಚೀರತೊಡಗಿದಾಗ ನಾನು ಯಾರನ್ನೂ ಕೇಳದೆ ಬಸ್ಸು ಹತ್ತಿದೆ. ಬೆಂಗಳೂರಿನಲ್ಲಿ ಹಕ್ಕಳೆ ಬಿಡಿಸಿದರು, ತೊಳೆದರು, ರಕ್ತಕ್ಕೆ ಔಷಧಿ ಹರಿಸಿದರು... ಆದರೆ ಯಂತ್ರಕ್ಕೇ ಕೀವು ತಗುಲಿತ್ತು. ತೆಗೆಯಲೇಬೇಕಾಯಿತು. ಮತ್ತೊಂದು ಯಂತ್ರ ನಮ್ಮ ಕೈಗೆಟುಕಲಿಲ್ಲ.

ಊರಿಗೆ ಬಂದ ಮೇಲೆ ಆ ಮಹಾಶಯ ಒಂದು ಮಾತಿಗಾದರೂ ನೊಂದುಕೊಂಡನೇ? “ಬೆಂಗ್ಳೂರಿನೋರು ಮಿಷನ್ ಸರೀಗ್ ಕೂರ್ಸಿರ್ಲಿಲ್ಲ. ನನ್ನ ಗಾಯ ಒಣಗಿತ್ತು” ಎಂದ. ಅವನ ಗಾಯವಂತೆ! ಮುಂದೆ ಅವನು ಸತ್ತಾಗ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ನನ್ನ ಗಂಡ ಹೋಗಿ ಹಾರ ಹಾಕಿ ಬಂದರು. ನಾನು ಮಾತ್ರ ಹೊಸಲು ದಾಟಲಿಲ್ಲ. ಆ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದೂ ಬೇಡ.

ಮೊನ್ನೆ ಅಡುಗೆಮನೆಯ ಬಾಗಿಲಲ್ಲೇ ನಿಂತು “ಅದನ್ನ ಹಾಕಿಸ್ಕಬ್ಯಾಡ ಕಣೇ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಪಕ್ಕದ ಮನೆಯವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಮಗಳು ನನಗೆ ಬೆನ್ನು ಮಾಡಿ, ಬೆರಳು ಚಾಚಿಕೊಂಡೇ ಕುಳಿತಿದ್ದಳು.