ಗಣಿತಕ್ಕೆ ಕೂತವಳ ಸ್ವಗತ

ಒಬ್ಬರೇ ಮಾತನಾಡಿಕೊಂಡು ಹೋಗುವವರನ್ನು ಕಂಡರೆ ಹಿಂದೆಲ್ಲ ಜನ ದಾರಿ ಬಿಟ್ಟು ನಿಲ್ಲುತ್ತಿದ್ದರು. ಈಗ ಪುಣೆಯ ಕೋಥರೂಡದ ನಮ್ಮ ಬಸ್ ನಿಲ್ದಾಣದಲ್ಲಿ ಹತ್ತರಲ್ಲಿ ಆರು ಜನ ಗಾಳಿಗೆ ಕೈ ಬೀಸುತ್ತ, ನಗುತ್ತ, ಜಗಳವಾಡುತ್ತ ನಿಂತಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಎಲ್ಲರ ಕಿವಿಯೊಳಗೂ ಮೊಬೈಲಿನ ಪುಟ್ಟ ಗುಂಡಿಯೊಂದು ಇದ್ದೇ ಇರುತ್ತದೆಂಬುದು ಸಾರ್ವತ್ರಿಕ ನಂಬಿಕೆ. ಈ ನಂಬಿಕೆಯ ಆಶ್ರಯದಲ್ಲಿ ಮಾನ ಉಳಿಸಿಕೊಂಡು ಬದುಕುತ್ತಿರುವವರಲ್ಲಿ ನಾನೂ ಒಬ್ಬಳು. ನನ್ನ ಕಿವಿಯಲ್ಲಿ ಬೆಂಡೋಲೆಯ ಹೊರತು ಏನೂ ಇಲ್ಲ. ನಾನು ಮಾತನಾಡುವುದು ನನ್ನ ಜೊತೆಗೇ. ನಿಮಗೂ ಈ ಅಭ್ಯಾಸವಿದ್ದರೆ ನಾಚಬೇಡಿ, ಆದರೆ ಏನು ಹೇಳಿಕೊಳ್ಳುತ್ತೀರೆಂದು ಒಮ್ಮೆ ಕಿವಿಗೊಟ್ಟು ಕೇಳಿ.

ಧಾರವಾಡದಲ್ಲಿ ಹತ್ತನೆಯ ತರಗತಿಯಲ್ಲಿದ್ದಾಗ ಕನ್ನಡದಲ್ಲಿ ಇಡೀ ಶಾಲೆಗೇ ಮೊದಲಿಗಳಾಗಿ, ಗಣಿತದಲ್ಲಿ ನಪಾಸಾದ ಚಮತ್ಕಾರ ನನ್ನದು. ಅವ್ವ ಬೈಯಲಿಲ್ಲ. ಅಂಕಪಟ್ಟಿಯನ್ನು ಮಡಚಿ ಟ್ರಂಕಿನಲ್ಲಿಟ್ಟು, “ಹೋಗ್ಲಿ ಬಿಡು, ನಿನಗ ಗಣಿತ ಹತ್ತೂದಿಲ್ಲ” ಅಂದಳು. ಸಮಾಧಾನಕ್ಕೆಂದು ಆಡಿದ ಆ ಮಾತನ್ನು ನಾನು ವೇದವಾಕ್ಯವೆಂದು ಸ್ವೀಕರಿಸಿ, ಮದುವೆಯಾಗಿ ಪುಣೆಗೆ ಬರುವಾಗ ಪಾತ್ರೆ ಪಡಗದ ಜೊತೆ ಕಟ್ಟಿಕೊಂಡು ಬಂದೆ. ಸುಮಾರು ನಲವತ್ತು ವರ್ಷ ಅದನ್ನು ನನಗೆ ನಾನೇ ಹೇಳಿಕೊಂಡೆ. ರೈಲಿನ ವೇಳಾಪಟ್ಟಿ ಕಂಡರೆ ‘ನನ್ನ ತಲೀಗೆ ಹತ್ತೂದಿಲ್ಲ’. ಹೊಸ ಮೊಬೈಲು ಕೈಗೆ ಬಂದರೆ ‘ಹತ್ತೂದಿಲ್ಲ’. ವಸತಿ ಸೊಸೈಟಿಯ ಸಭೆಯಲ್ಲಿ ಯಾರಾದರೂ ಅಭಿಪ್ರಾಯ ಕೇಳಿದರೆ, ಅದು ನಾಲಿಗೆಯ ತುದಿಯಲ್ಲೇ ಇದ್ದರೂ, ‘ನನಗೇನು ತಿಳೀತದ’. ಸೋಲು ಬಾಡಿಗೆಗೆ ಬಂದವರ ಹಾಗೆ ಮೊದಲು ಒಂದು ಕೋಣೆ ಹಿಡಿಯುತ್ತದೆ, ಆಮೇಲೆ ಇಡೀ ಮನೆಯೇ ತನ್ನದೆನ್ನುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳನ್ನು ಎದುರಿಗೆ ಹೊಗಳುವ ರೂಢಿಯಿರಲಿಲ್ಲ; ದೃಷ್ಟಿಯಾಗುತ್ತದೆಂಬ ಭಯ. ಪ್ರಶಂಸೆಯೇನಿದ್ದರೂ ನೆರೆಮನೆಯ ಮಕ್ಕಳಿಗೆ ಮೀಸಲು. ಇನ್ನು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದಂತೂ ಶುದ್ಧ ನಿರ್ಲಜ್ಜತನ. ತನ್ನನ್ನು ತಾನು ಹಳಿದುಕೊಳ್ಳುವುದಕ್ಕೆ ಮಾತ್ರ ಯಾವ ನಿಷೇಧವೂ ಇರಲಿಲ್ಲ. ಅದಕ್ಕೆ ವಿನಯವೆಂಬ ಗೌರವಾನ್ವಿತ ಹೆಸರೂ ಇತ್ತು.

ಯಜಮಾನರು ಖಡಕಿಯ ಕಚೇರಿಯಿಂದ ನಿವೃತ್ತರಾಗಿ ದಿನವಿಡೀ ಮನೆಯಲ್ಲಿ ಕೂರತೊಡಗಿದ ಮೇಲೆ, ಹೊರಗೆ ಹೋಗಲು ನನಗೊಂದು ಘನವಾದ ಕಾರಣ ಬೇಕಾಯಿತು. ದೇವಸ್ಥಾನಕ್ಕೆಂದರೆ ಅವರೂ ಹೊರಡುತ್ತಿದ್ದರು, ಶಾಲೆಗೆ ಬರುವಂತಿರಲಿಲ್ಲ. ಹೀಗೆ ಐವತ್ತು ದಾಟಿ ನಾಲ್ಕು ವರ್ಷವಾದ ಮೇಲೆ ಮುಕ್ತ ಶಾಲೆಯಲ್ಲಿ ಹತ್ತನೆಯ ತರಗತಿಗೆ ಹೆಸರು ಬರೆಸಿದೆ ಎಂದು ಎಲ್ಲರೆದುರು ತಮಾಷೆ ಮಾಡುತ್ತೇನೆ. ನಿಜ ಹೇಳಬೇಕೆಂದರೆ, ಟ್ರಂಕಿನಲ್ಲಿಟ್ಟ ಆ ಅಂಕಪಟ್ಟಿ ನನ್ನನ್ನು ಅಷ್ಟು ವರ್ಷ ಕೊರೆದಿತ್ತು. ಉಳಿದ ವಿಷಯಗಳು ಒಂದೇ ಸಲಕ್ಕೆ ದಡ ಸೇರಿದವು. ಗಣಿತ ಮಾತ್ರ ಎರಡು ಸಲ ನನ್ನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿತು. ಮೂರನೆಯದೇ ಕೊನೆಯದು, ಅದರಲ್ಲೂ ಆಗದಿದ್ದರೆ ಪುಸ್ತಕಗಳೆಲ್ಲ ರದ್ದಿಯವನಿಗೆ ಎಂದು ಮನೆಯಲ್ಲಿ ಸಾರಿಬಿಟ್ಟೆ.

ಎರಡನೆಯ ಸೋಲಿನ ಮರುದಿನ ಬೆಳಗ್ಗೆ ಚಹಾ ಸೋಸುವಾಗ, ನನ್ನ ಬಾಯಿಂದ ನನಗಾಗಿ ಹೊರಡುತ್ತಿದ್ದ ಬೈಗುಳಗಳನ್ನು ಮೊದಲ ಬಾರಿಗೆ ಗಮನವಿಟ್ಟು ಕೇಳಿದೆ. ಅಷ್ಟು ಕಟುವಾಗಿ ನಾನು ಯಾರಿಗೂ, ಹೇಳದೆ ರಜೆ ಹಾಕುವ ಮನೆಗೆಲಸದವಳಿಗೂ, ಅಂದವಳಲ್ಲ. ಮಾತು ಬದಲಿಸಬೇಕೆಂದು ನಿಶ್ಚಯಿಸಿ, ಉತ್ಸಾಹದ ಭರದಲ್ಲಿ ಕನ್ನಡಿಯ ಮುಂದೆ ನಿಂತು ‘ನಾನು ಗಣಿತದಲ್ಲಿ ಮಹಾಪಂಡಿತೆ’ ಎಂದು ಘೋಷಿಸಿದೆ. ಕನ್ನಡಿಯೊಳಗಿನವಳು ನಂಬಲಿಲ್ಲ, ವರ್ಗಸಮೀಕರಣವಂತೂ ಜಗ್ಗಲಿಲ್ಲ. ಮನಸ್ಸು ಮುಖಸ್ತುತಿಗೆ ಮರುಳಾಗುವಷ್ಟು ಭೋಳೆಯಲ್ಲ, ಅದಕ್ಕೆ ಪುರಾವೆ ಬೇಕು ಎಂಬುದು ನನಗೆ ಆಗ ತಿಳಿಯಿತು. ಅಂದಿನಿಂದ ಪುರಾವೆಯಿದ್ದಷ್ಟನ್ನೇ ಹೇಳಿಕೊಳ್ಳತೊಡಗಿದೆ: ‘ನಿನ್ನೆ ಇಂಥಾದ್ದ ಒಂದು ಬಿಡಿಸೀದಿ. ಇವತ್ತ ಮೊದಲನೇ ಸಾಲು ಬರಿ, ಬರ್ತದ.’ ತಪ್ಪಿದರೆ, ‘ಮೂರನೇ ಸಾಲಿನ ತನಕ ಬರೋಬ್ಬರಿ ಅದ, ಅಲ್ಲಿಂದ ಮತ್ತ ನೋಡು.’

ಪತ್ರಿಕೆಯ ಹಿಂದಿನಿಂದ ಯಜಮಾನರು ಒಂದು ದಿನ, “ಯಾರ ಜೋಡಿ ನಡದದ ಮಾತು?” ಎಂದು ಕೇಳಿದರು.

“ಶಾಣ್ಯಾ ಮಂದಿ ಜೋಡಿರಿ,” ಅಂದೆ. ಜಾಣರೊಡನೆ ಎಂದದ್ದನ್ನು ಕೇಳಿ ಅವರು ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿಕೊಂಡರು.

ಪರೀಕ್ಷೆಯ ಕೋಣೆಯಲ್ಲಿ ನನ್ನ ಸುತ್ತ ಕೂತವರೆಲ್ಲ ಹದಿನೇಳು ಹದಿನೆಂಟರ ಮಕ್ಕಳು. ಐದನೆಯ ಪ್ರಶ್ನೆಗೆ ಬರುವಷ್ಟರಲ್ಲಿ ನನ್ನ ಕೈ ನಿಂತಿತು, ‘ಹತ್ತೂದಿಲ್ಲ’ ನಾಲಿಗೆಯವರೆಗೂ ಬಂತು. ಅದನ್ನು ನುಂಗಿ, “ಬರ್ತದ, ಮೊದಲನೇ ಸಾಲು ಬರಿ” ಅಂದೆ. ತುಟಿಯೊಳಗೇ ಅಂದೆನೆಂದುಕೊಂಡಿದ್ದೆ, ಕೋಣೆಗೆಲ್ಲ ಕೇಳುವಂತೆ ಅಂದಿದ್ದೆ. ಮೇಲ್ವಿಚಾರಕಿ ನನ್ನ ಬೆಂಚಿನ ಬಳಿ ಬಂದು ನಿಂತಳು. ತನಗೆ ತಿಳಿಯದ ಭಾಷೆಯಲ್ಲಿ ನಾನು ಪಕ್ಕದ ಹುಡುಗಿಗೆ ಉತ್ತರ ಹೇಳಿಕೊಡುತ್ತಿದ್ದೇನೆಂದು ಅವಳಿಗೆ ಅನುಮಾನ. “ಕಾಕೂ, ಕೋಣಾಶೀ ಬೋಲತಾಯ್?” ಚಿಕ್ಕಮ್ಮಾ, ಯಾರೊಡನೆ ಮಾತು ಎಂದು ಮರಾಠಿಯಲ್ಲಿ ಕೇಳಿದಳು. “ಸ್ವತಃಶೀ,” ನನ್ನೊಡನೆಯೇ, ಅಂದೆ. ಹಾಗಾದರೆ ಅಂದದ್ದೇನೆಂದು ಹೇಳಿ, ಇಲ್ಲದಿದ್ದರೆ ಉತ್ತರಪತ್ರಿಕೆ ಕೊಡಿ ಎಂದು ಕೈಚಾಚಿದಳು.

ನನ್ನನ್ನು ನಾನು ಹೊಗಳಿಕೊಂಡದ್ದನ್ನು ಒಂದು ಕೋಣೆ ತುಂಬ ಮಕ್ಕಳೆದುರು ಮರಾಠಿಗೆ ಅನುವಾದಿಸುವ ಪ್ರಸಂಗ ಹೀಗೆ ಒದಗಿತು. ಕಿವಿಗಳು ಬಿಸಿಯಾದವು. ಆದರೂ ಎದ್ದು ನಿಂತು, “ಮಲಾ ಯೇತಂ, ಅಸಂ ಮ್ಹಣತ ಹೋತೇ,” ನನಗೆ ಬರುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ, ಎಂದು ಗಟ್ಟಿಯಾಗಿಯೇ ಅಂದೆ. ಮಕ್ಕಳು ನಕ್ಕರು. ಅವಳು ನಗಲಿಲ್ಲ. “ಯೇತಂ ತರ ಲಿಹಾ ಕೀ,” ಬರುತ್ತದೆಂದರೆ ಬರೆಯಿರಲ್ಲ, ಎಂದು ಹೇಳಿ ಮುಂದೆ ಹೋದಳು. ಪುಣೆಯವರ ಬಾಯಿಂದ ಇದಕ್ಕಿಂತ ಸಿಹಿಯಾದ ಆಶೀರ್ವಾದವನ್ನು ನಿರೀಕ್ಷಿಸಬಾರದು. ಕೂತು ಬರೆದೆ, ಹಾಗೆ ಬಹಿರಂಗವಾಗಿ ಸಾರಿದ ಮೇಲೆ ಬರೆಯದೆ ಗತ್ಯಂತರವೂ ಇರಲಿಲ್ಲ.

ಪಾಸಾದೆ. ನೂರಕ್ಕೆ ಅರವತ್ತೆಂಟು. ಯಜಮಾನರು ಮೊಬೈಲಿನ ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಮೂರು ಸಲ ಓದಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪೇಢೆ ತರಲು ಹೋದರು. ನನಗೆ ಹೆಮ್ಮೆಯಾಗಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಮನಸ್ಸಾಗಲಿಲ್ಲ. ಧಾರವಾಡದಲ್ಲಿ ತಮ್ಮನ ಮನೆಯಲ್ಲಿರುವ ಅವ್ವನಿಗೆ ಫೋನು ಮಾಡಿದೆ.

“ಗಣಿತದಾಗ?” ಎಂದು ಎರಡು ಸಲ ಕೇಳಿದಳು.

“ನೀ ಮೊದಲಿಂದ ಶಾಣ್ಯಾಕೀನ ಇದ್ದಿ,” ಅಂದಳು ಆಮೇಲೆ. “ನನಗ ಗೊತ್ತಿತ್ತು.”

“ಗೊತ್ತಿದ್ರ ಆವಾಗ ಯಾಕ ಹೇಳಲಿಲ್ಲವ್ವ?”

“ಹೇಳಿದ್ರ ನಿನಗ ಸೊಕ್ಕು ಬರ್ತದಂತ ಹೇಳಲಿಲ್ಲ.”

“ಈಗ ಬಂದದವ್ವ. ಭಾಳ ಬಂದದ.”

“ಬರ್ಲಿ ಬಿಡು,” ಅಂದಳು ಅವ್ವ. “ಬರೂದು ತಡಾನ ಆತು.”