ಅಕ್ಕನಿಗೆ ಕೊಡದ ಕೀಲಿ

ನಮ್ಮ ನಡುಮನೆಯ ಮೊಳೆಗೆ ಒಂದು ಹಿತ್ತಾಳೆಯ ಕೀಲಿ ನೇತುಬಿದ್ದಿದೆ; ಭತ್ತದ ಕಣಜದ ಕೋಣೆಯದು. ಅದರ ಜೋಡಿ ಗೂಡಲೂರಿಗೆ ಕೊಟ್ಟ ನನ್ನಕ್ಕನ ಪೆಟ್ಟಿಗೆಯಲ್ಲಿದೆ. ಮನೆಗೆ ಯಾವ ಹೊಸ ಬೀಗ ಬಂದರೂ ಎರಡನೆಯ ಕೀಲಿ ಮದುವೆಯಾಗಿ ಹೋದ ಮಗಳ ಪಾಲು. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಎಷ್ಟೋ ತಲೆಮಾರಿನಿಂದ ಕನ್ನಡವನ್ನು ಮನೆಯೊಳಗೆ ಉಳಿಸಿಕೊಂಡ ನಮ್ಮವರು ಈ ಪದ್ಧತಿಯನ್ನೂ ಬಿಟ್ಟಿಲ್ಲ.

ಇಷ್ಟು ತಿಳಿದೂ, ಉತ್ತಮಪಾಳಯದಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ಈ ಮೇಷ್ಟ್ರು ಮಾಡಿದ್ದೇನು ಗೊತ್ತೇ ಗೆಳೆಯರೇ? ಅವ್ವ, ಅಂದರೆ ನನ್ನಜ್ಜಿ, ಬದುಕಿದ್ದಾಗ ಅವಳ ಮಾತು, ನಾಟಿಯ ಹಾಡು, ಬೈಗುಳಗಳನ್ನೆಲ್ಲ ಎರಡು ಬೇಸಿಗೆ ಕೂತು ಹೊಸ ಕಂಪ್ಯೂಟರಿಗೆ ತುಂಬಿದೆ. ದಿಂಡಿಗಲ್ಲಿನ ಗೆಳೆಯನೊಬ್ಬ ಕಡತಗಳನ್ನು ಗೂಢಲಿಪಿಯಾಗಿಸುವ ಪ್ರೋಗ್ರಾಮು ಹಾಕಿಕೊಟ್ಟ. ಅದರ ಕೀಲಿ ಒಂದು ಫ್ಲಾಪಿಯಲ್ಲಿ. ಊರಿಗೆ ಬಂದಿದ್ದ ಅಕ್ಕ, ಬೀಗಕ್ಕೆ ಪೂಟ್ಟು, ಕೀಲಿಗೆ ಸಾವಿ ಎನ್ನುವ ನಮ್ಮ ಮನೆಮಾತಿನಲ್ಲಿ, ಕೇಳಿಯೇ ಕೇಳಿದಳು: "ಏನ್ಲಾ ತಂಬಿ, ಪೂಟ್ಟು ಹಾಕ್ಬುಟ್ಟೆ, ಇನ್ನೊಂದು ಸಾವಿ ಎಲ್ಲಿ? ಕೊಡು, ನಾ ಇಕ್ಕೊಂತೀನಿ."

"ಅಕ್ಕಾ, ಇದೇನು ಕಣಜವಾ?" ಎಂದು ನಕ್ಕೆ. ಆ ನಗು ನೆನೆದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಅವ್ವ ತೀರಿಕೊಂಡ ವರ್ಷದ ಆಯುಧಪೂಜೆಗೆ ನನ್ನಾಕೆ ಕುಡುಗೋಲು, ಸೈಕಲ್ಲು, ಹಿತ್ತಾಳೆಯ ಕೀಲಿಯ ಜೊತೆಗೆ ಫ್ಲಾಪಿಗೂ ನೀರಾದ ಗಂಧ ಧಾರಾಳವಾಗಿ ಬಳಿದು ಕುಂಕುಮವಿಟ್ಟಳು. "ಸಾವಿ ಅಂತ ನೀವೇ ಸೊಲ್ಲಿದ್ರಲ್ಲ," ಎಂದಳು. ತಗಡಿನ ಸಂದಿಯಿಂದ ಗಂಧ ಒಳಗಿಳಿದು ಒಣಗಿತ್ತು. ಕಂಪ್ಯೂಟರು ಅದನ್ನು ಓದಲಿಲ್ಲ. ದಿಂಡಿಗಲ್ಲಿಗೆ ಹೊತ್ತೊಯ್ದೆ. ನಕಲು ಎಲ್ಲಿ ಎಂದು ಗೆಳೆಯ ಕೇಳಿದ. ಇಲ್ಲವೆಂದಾಗ, ಪ್ರೋಗ್ರಾಮಿನ ಗುಪ್ತಪದ ನೆನಪಿದ್ದರೂ ಫ್ಲಾಪಿಯಲ್ಲಿದ್ದ ಕೀಲಿಯಿಲ್ಲದೆ ಕಡತಗಳನ್ನು ತೆರೆಯಲಾಗದೆಂದು ಕೈಚೆಲ್ಲಿದ.

ಹೆಂಡತಿಯದೇನೂ ತಪ್ಪಿಲ್ಲ, ಕೀಲಿಗೆ ಸಲ್ಲಬೇಕಾದ ಮರ್ಯಾದೆಯನ್ನು ಅವಳು ಸಲ್ಲಿಸಿದಳು. ಕೀಲಿಯ ನಕಲನ್ನು ಬೇರೆಡೆ ಇಡಿ ಎಂಬ ಮಾತನ್ನು ಕೈಪಿಡಿಯ ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ ಅಚ್ಚು ಹಾಕಿದ ಪುಣ್ಯಾತ್ಮರ ಮೇಲೆ ನನಗೆ ಕೆಂಡದಂಥ ಕೋಪವಿದೆ. ಅದಕ್ಕಿಂತ ಹೆಚ್ಚಿನ ಕೋಪ ನನ್ನ ಮೇಲೆಯೇ. ಯಾರಿಂದ ಮುಚ್ಚಿಟ್ಟೆ ನಾನು? ಅವ್ವ ಜಗಲಿಯಲ್ಲಿ ಕೂತು ಬಾಯಿ ತೆಗೆದರೆ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಆ ಮಾತಿಗೆ ಬೀಗ ಹಾಕು ಎಂದು ನನಗೆ ಹೇಳಿದವರಾರು?

ಫ್ಲಾಪಿಯನ್ನು ಎಸೆಯಲು ಮನಸ್ಸಾಗದೆ ಹಿತ್ತಾಳೆಯ ಕೀಲಿಯ ಪಕ್ಕದಲ್ಲೇ ತೂಗುಹಾಕಿದ್ದೇನೆ. ಈಗ ಭತ್ತ ಗದ್ದೆಯಿಂದ ನೇರ ಗಿರಣಿಗೆ ಹೋಗುತ್ತದೆ. ಕಣಜದಲ್ಲಿ ಒಂದು ಕಾಳೂ ಇಲ್ಲ. ಅದನ್ನು ತೆರೆಯಲು ಮಾತ್ರ ನಮ್ಮಲ್ಲಿ ಎರಡು ಕೀಲಿಗಳಿವೆ.