ಹುಚ್ಚ ವಿಜ್ಞಾನಿಯ ಮನೆಯಲ್ಲಿ ಅಡಿಗೆಮನೆ ಇಲ್ಲ

ತಲೆಯ ಮೇಲೆ ಬಿಳಿ ಗಾಂಧಿ ಟೋಪಿ, ಟೋಪಿಯ ಮೇಲಕ್ಕೆ ಏರಿಸಿಟ್ಟ ಕಪ್ಪು ವೆಲ್ಡಿಂಗ್ ಕನ್ನಡಕ, ಅದರ ಕೆಳಗೆ ಅರ್ಧವೇ ಉಳಿದ ಎಡಹುಬ್ಬು. ಉಳಿದರ್ಧವನ್ನು ಬೆಲ್ಲದ ಒಲೆ ತಿಂದಿತ್ತು. ಮಾವನವರನ್ನು ನೆನೆದರೆ ನನಗೆ ಮೊದಲು ಕಾಣುವುದು ಇದು. ಮನೆಯಲ್ಲಿರುವ ಅವರ ಒಂದೇ ಫೋಟೋದಲ್ಲಿ ಕನ್ನಡಕ ಇಲ್ಲ, ಹುಬ್ಬುಗಳು ಎರಡೂ ಪೂರ್ತಿ ಇವೆ. ಸ್ಟುಡಿಯೋದವನು ತಿದ್ದಿದ್ದಾನೆ ಎಂದು ನಾನು, ನೀನೇ ತಿದ್ದುತ್ತಿದ್ದೀ ಎಂದು ನನ್ನ ಗಂಡ. ಫೋಟೋಗಳನ್ನು ನಾನು ನಂಬುವುದಿಲ್ಲ. ನನ್ನ ನೆನಪನ್ನೂ ಅಷ್ಟಾಗಿ ನಂಬುವುದಿಲ್ಲ, ಆದರೆ ಆ ಹುಬ್ಬಿನ ವಿಷಯದಲ್ಲಿ ರಾಜಿ ಇಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹುಕ್ಕೇರಿಯಿಂದ ಮೇಲವಂಕಿಗೆ ಸೊಸೆಯಾಗಿ ಬಂದೆ. ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಿದ್ದೆ. ಜೈನರ ಮನೆ, ಕಬ್ಬಿನ ಹೊಲ, ಹೊಲದ ಅಂಚಿಗೆ ಡೀಸೆಲ್ ಇಂಜಿನ್ನಿನಿಂದ ತಿರುಗುವ ಬೆಲ್ಲದ ಗಾಣ. ಮಾವನ ಎದುರು ಸೊಸೆ ನಿಲ್ಲಬಾರದು, ನೇರವಾಗಿ ಮಾತಾಡಬಾರದು, ತಲೆಯ ಮೇಲಿನ ಸೆರಗು ಜಾರಬಾರದು. ಹೇಳುವುದೇನಿದ್ದರೂ ಅತ್ತೆಯ ಮೂಲಕ ಹೇಳಬೇಕು. ನಮ್ಮ ತವರಿನಲ್ಲೂ ಇದೇ ಪದ್ಧತಿ ಇದ್ದುದರಿಂದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹೊಸದು ಕಂಡದ್ದು ಮಾವನವರ ಮಂಚದ ಕೆಳಗೆ.

ಕಸ ಗುಡಿಸುವಾಗ ಅಲ್ಲಿ ಒಂದು ಗೊಬ್ಬರದ ಚೀಲ ಸಿಕ್ಕಿತು. ಅದರ ತುಂಬ ಇಂಗ್ಲಿಷಿನ ಚಿತ್ರಕತೆಗಳು. ಬಹಳಷ್ಟಕ್ಕೆ ರಕ್ಷಾಪುಟವೇ ಇರಲಿಲ್ಲ. ಯಾರು ಬರೆದದ್ದು, ಯಾವ ದೇಶದ್ದು, ತಿಳಿಯುವಂತಿರಲಿಲ್ಲ. ಇಂಜಿನ್ನಿಗೆ ಬೆಲ್ಟು ತರುತ್ತೇನೆಂದು ಗೋಕಾಕಕ್ಕೆ ಹೋದಾಗಲೆಲ್ಲ ಮಾವನವರು ಬಸ್ ಸ್ಟ್ಯಾಂಡಿನ ಹಿಂದಿನ ರದ್ದಿ ಅಂಗಡಿಯಿಂದ ಆರಿಸಿ ತಂದವು. ಎಲ್ಲದರಲ್ಲೂ ಒಂದೇ ಬಗೆಯ ಕತೆ: ಹಿತ್ತಾಳೆಯ ಕೊಳವೆ, ಮೊಳೆ ಬಡಿದ ತಾಮ್ರದ ತಗಡು, ಬುಸ್ಸೆನ್ನುವ ಹಬೆ, ನಡುವೆ ಕೆದರಿದ ಕೂದಲಿನ ಒಬ್ಬ ಹುಚ್ಚ ವಿಜ್ಞಾನಿ. ಒಬ್ಬ ಹಬೆಯಿಂದ ಮೋಡಗಳನ್ನು ಹೊಲಿಯುವ ಯಂತ್ರ ಮಾಡುತ್ತಾನೆ. ಇನ್ನೊಬ್ಬ ಏಡಿಯಂತೆ ಅಡ್ಡಡ್ಡ ನಡೆಯುವ ಹಡಗು ಕಟ್ಟುತ್ತಾನೆ. ಮತ್ತೊಬ್ಬ ಚಂದ್ರನಿಗೆ ಸರಪಳಿ ಬಿಗಿದು ಊರ ಹತ್ತಿರ ಎಳೆದುಕೊಳ್ಳಲು ಹೊರಡುತ್ತಾನೆ. ಇಂಥವಕ್ಕೆ ಸ್ಟೀಮ್‌ಪಂಕ್ ಎಂಬ ಹೆಸರಿದೆಯೆಂದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಮಾವನವರು ಅವನ್ನು 'ಹಬಿ ಪುಸ್ತಕ' ಅನ್ನುತ್ತಿದ್ದರು.

ಅವರಿಗೆ ಕನ್ನಡ, ಮರಾಠಿ ಎರಡೂ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಚಿತ್ರ ನೋಡಿ ಕತೆಯನ್ನು ತಾವೇ ಊಹಿಸಿಕೊಂಡಿದ್ದರು. ಸೊಸೆ ಇಂಗ್ಲಿಷ್ ಕಲಿತವಳು ಎಂಬುದು ಮದುವೆಯ ಮಾತುಕತೆಯಲ್ಲಿ ಅವರಿಗೆ ಯಾಕೆ ಅಷ್ಟು ಮುಖ್ಯವಾಗಿತ್ತು ಎಂದು ಆ ಚೀಲ ನೋಡಿದಾಗ ನನಗೆ ಹೊಳೆಯಿತು.

ಮೊದಮೊದಲು ಪುಸ್ತಕ ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಪಡಸಾಲೆಗೆ ಅತ್ತೆಯ ಕೈಯಲ್ಲಿ ಓಡಾಡಿತು. ಅವರು ಚಿತ್ರ ನೋಡಿ ಕಳಿಸಬೇಕು, ನಾನು ಒಳಗೆ ನಿಂತು ಓದಿ ಹೇಳಬೇಕು, ಅಷ್ಟರಲ್ಲಿ ಅವರಿಗೆ ಚಿತ್ರ ಮತ್ತೆ ಬೇಕಾಗುತ್ತಿತ್ತು. ಒಂದು ದಿನ ಅತ್ತೆ ಪುಸ್ತಕವನ್ನು ಮಂಚದ ಮೇಲೆ ಎಸೆದು, "ನಾ ಏನ ಪೋಸ್ಟ್‌ಮನ್ ಇದ್ದೇನೇನು?" ಅಂದರು. "ನೀವು ಹೊಸ್ತಿಲದಾಗ ಆಕಡೆ ಮಾರಿ ಮಾಡಿ ಕುಂದರ್ರಿ. ಆಕಿ ಹಿಂದ ನಿಂತು ಓದಲಿ. ಬೆನ್ನಿಗೇನ ಕಣ್ಣಿರ್ತಾವು?"

ಹೀಗೆ ಶುರುವಾಯಿತು ನಮ್ಮ ಓದು. ಅವರು ಅಂಗಳದ ಕಡೆ ಮುಖಮಾಡಿ ಕೂರುವರು, ನಾನು ಹಿಂದೆ ನಿಂತು ಅವರ ಹೆಗಲ ಮೇಲಿಂದ ಮಾತಿನ ಗುಳ್ಳೆಗಳನ್ನು ಕನ್ನಡಕ್ಕೆ ತಿರುಗಿಸುವೆ. ಇಬ್ಬರ ಕಣ್ಣೂ ಒಂದೇ ಪುಟದ ಮೇಲೆ, ಯಾರೂ ಯಾರ ಎದುರಿಗೂ ಇಲ್ಲ. ಮಾವನ ಕಿವಿಯ ಹತ್ತಿರ ನಿಂತು 'ಲೇ, ಹೋಗೋ' ಎನ್ನುವುದು ನನ್ನಿಂದಾಗಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಖಳರೂ ನಾಯಕರೂ ರೀ ಹಚ್ಚಿಯೇ ಬಡಿದಾಡಿದರು. "ನಿಮ್ಮನ್ನ ಈಗ ಸುಟ್ಟ ಬೂದಿ ಮಾಡ್ತೇನ್ರಿ" ಎಂದು ನಾನು ಓದಿದರೆ ಮಾವನವರು ತಲೆದೂಗಿ, "ಎಂಥಾ ಘನತೆಯ ಮನಷ್ಯಾ ನೋಡು" ಅನ್ನುವರು. ಅತ್ತೆ ಒಳಗಿನಿಂದ, "ಹೌದ ಹೌದ, ನಿಮ್ಮಂಗ" ಅನ್ನುವರು.

ಆ ಪುಸ್ತಕಗಳಲ್ಲಿ ಅವರಿಗೆ ಹಿಡಿಸಿದ್ದೇನು? ಮಕ್ಕಳ ಪುಸ್ತಕದ ಮೇಲೆ ಮುದುಕರಿಗೆ ಹುಟ್ಟುವ ಮೋಹ ಎಂದು ಊರವರು ತಿಳಿದಿದ್ದರು. ಅದು ತಪ್ಪು. ಅವರಿಗೆ ಸ್ಪಷ್ಟವಾದ ಕಾರಣಗಳಿದ್ದವು. ಆ ಯಂತ್ರಗಳು ಏನನ್ನೂ ಮುಚ್ಚಿಡುವುದಿಲ್ಲ. ಯಾವ ಹಲ್ಲು ಯಾವ ಚಕ್ರವನ್ನು ತಿರುಗಿಸುತ್ತದೆ, ಹಬೆ ಎಲ್ಲಿ ಹುಟ್ಟಿ ಎಲ್ಲಿ ಹೊರಬೀಳುತ್ತದೆ, ಬೆರಳಿಟ್ಟು ತೋರಿಸಬಹುದು. "ಈ ಟಿವಿ ಒಳಗ ಏನ ನಡದೈತಿ, ಯಾವ ಮಗಾ ಹೇಳ್ತಾನ?" ಅನ್ನುತ್ತಿದ್ದರು. "ಇದ್ರಾಗ ಎಲ್ಲಾ ಹೊರಗ ಐತಿ. ನಮ್ಮ ಗಾಣಿದ್ದಂಗ." ಗೋಕಾಕಕ್ಕೆ ಹೋದಾಗ ಫಾಲ್ಸ್‌ವರೆಗೂ ಹೋಗಿ, ಜಲಪಾತಕ್ಕೆ ಬೆನ್ನು ಹಾಕಿ, ಅಲ್ಲಿನ ನೂಲಿನ ಗಿರಣಿಯ ಗೋಡೆಗೆ ಕಿವಿಗೊಟ್ಟು ಬರುವ ಮನುಷ್ಯ ಅವರು.

ಎರಡನೆಯ ಕಾರಣ ಇನ್ನೂ ಗಟ್ಟಿ. ಕತೆಯ ನಾಯಕ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬರುತ್ತಾನೆ, ಗೆಲ್ಲುತ್ತಾನೆ, ಹೋಗುತ್ತಾನೆ. ಮೊದಲ ಪುಟದಿಂದ ಮೈಮುರಿದು ದುಡಿಯುವವನು ವಿಜ್ಞಾನಿ ಒಬ್ಬನೇ. "ಕಟ್ಟಿದಾಂವ ಹುಚ್ಚ, ಒಡದಾಂವ ಶ್ಯಾಣ್ಯಾ. ಎಲ್ಲೀ ನ್ಯಾಯಾ ಇದು?" ಎಂದು ಮಾವನವರು ಪ್ರತಿ ಸಲ ಕೇಳುತ್ತಿದ್ದರು. ನಾನು ಅಲ್ಲಿಯವರೆಗೆ ಓದಿದ್ದ ಯಾವ ವಿಮರ್ಶಕನೂ ನನಗೆ ಅಷ್ಟು ನೇರವಾದ ಪ್ರಶ್ನೆ ಕೊಟ್ಟಿರಲಿಲ್ಲ.

ಕತೆ ಮುಗಿಯುವುದು ಮಾತ್ರ ಯಾವಾಗಲೂ ಒಂದೇ ರೀತಿ. ಯಂತ್ರ ಸಿಡಿಯುತ್ತದೆ, ವಿಜ್ಞಾನಿ ಸಾಯುತ್ತಾನೆ. ಇದನ್ನು ಅವರು ಹಾಗೇ ಒಪ್ಪುತ್ತಿರಲಿಲ್ಲ. ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ತಿರುವಿ, ಅಂವ ತಪ್ಪಿದ್ದೆಲ್ಲಿ ಎಂದು ಹುಡುಕುವರು. ಒಂದು ಸಂಜೆ, ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕಾದ ಮನೆಯಲ್ಲಿ ಅತ್ತೆ ಮೂರನೆಯ ಸಲ ಕೂಗಿದ ಹೊತ್ತಿನಲ್ಲಿ, ಅವರು ಪುಸ್ತಕ ಮಡಚಿ ಅಂಗಳದ ಕಡೆ ನೋಡುತ್ತಲೇ ಹೇಳಿದರು:

"ಸೂನಬಾಯಿ, ನೀ ನೋಡೀ ಏನು? ಇವರ ಯಾರ ಮನ್ಯಾಗೂ ಅಡಿಗಿಮನಿ ಇಲ್ಲ. ಉಣ್ಣಾಕ ಬಾ ಅಂತ ಕರಿಯಾವ್ರಿಲ್ಲ. ಅದಕ್ಕ ಹೊತ್ತ ಮುಣಗಿದ್ದೂ ತಿಳಿಯಂಗಿಲ್ಲ, ಬಾಯ್ಲರ್ ಕಾದದ್ದೂ ತಿಳಿಯಂಗಿಲ್ಲ."

ಸೂನಬಾಯಿ ಎಂದರೆ ಮರಾಠಿಯಲ್ಲಿ ಸೊಸೆ. ಅವರು ನನ್ನನ್ನು ಕರೆದದ್ದು ಅದೊಂದೇ ಹೆಸರಿನಿಂದ.

ಇದೆಲ್ಲ ಬರಿಯ ಓದಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಾವನವರಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದು: ಕಬ್ಬಿನ ಸಿಪ್ಪೆಯ ಬೆಂಕಿಯಲ್ಲಿ ಬೆಲ್ಲ ಕುದಿಯುವಾಗ ಸುಮ್ಮನೆ ಹೋಗುವ ಕಾವಿನಿಂದ ಹಬೆ ಮಾಡಿ, ಆ ಹಬೆಯಿಂದ ಗಾಣ ತಿರುಗಿಸಬೇಕು. ನನ್ನ ಗಂಡನಿಗೆ ಗಾಣವೇ ಬೇಡವಾಗಿತ್ತು. "ಅಪ್ಪಾ, ಡೀಸೆಲ್ ತುಟ್ಟಿ ಆತು. ಆಳ ಸಿಗೂದಿಲ್ಲ. ಕಬ್ಬ ಫ್ಯಾಕ್ಟರಿಗೆ ಕಳಸೂಣು, ಗಾಣ ಬಂದ ಮಾಡೂಣು" ಎಂದು ಒಂದು ದಿನ ಖಡಾಖಂಡಿತವಾಗಿ ಹೇಳಿದರು.

"ಹಬಿ ಮ್ಯಾಲ ತಿರಗಿದ್ರ ಡೀಸೆಲ್ ಯಾಕ ಬೇಕು?" ಅಂದರು ಮಾವನವರು. "ಈ ಸುಗ್ಗಿ ಮುಗಿಯೂದ್ರಾಗ ತಿರಗಿಸಿ ತೋರಸ್ತೇನಿ. ತಿರಗಲಿಲ್ಲಂದ್ರ ನೀ ಹೇಳಿದಂಗ."

ಮೂಡಲಗಿಯಿಂದ ವೆಲ್ಡರ್ ಬಂದ. ಹಳೆಯ ಕಬ್ಬಿಣದ ಟ್ಯಾಂಕು ಬಾಯ್ಲರ್ ಆಯಿತು, ಕೆಟ್ಟುನಿಂತಿದ್ದ ಇಂಜಿನ್ನಿನ ಸಿಲಿಂಡರಿಗೆ ಕೊಳವೆ ಜೋಡಿಸಿದರು. ಅಂಗಳದ ತುಂಬ ಹರಡಿದ ಸಾಮಾನು ನೋಡಿ ವೆಲ್ಡರ್ ಕೇಳಿದ, "ಸಾವಕಾರ್ರ, ಇದು ಇಂಜಿನ್ನೋ ಇಮಾನೋ?"

"ನಮ್ಮ ಸೂನಬಾಯಿಗೆ ಕೇಳು. ಇಂಗ್ಲಿಷ್‌ದಾಗ ಹೆಸರ ಆಕಿಗ ಗೊತ್ತು."

"ಹೆಸರ ಯಾವದರ ಇರಲಿ, ಹಾರಿದ್ರ ನಂಗ ಮೊದಲ ಹೇಳ್ರಿ. ನಾ ಮೂಡಲಗಿಗೆ ಹೋಗಿರ್ತೇನಿ."

ಬಾಯ್ಲರ್ ಹಚ್ಚುವ ಹಿಂದಿನ ದಿನ ಮಾವನವರು ಪುಸ್ತಕವಿಲ್ಲದೆ ಹೊಸ್ತಿಲಲ್ಲಿ ಕೂತು ನನ್ನನ್ನು ಕರೆದರು. ನಾನು ಎಂದಿನಂತೆ ಹಿಂದೆ ನಿಂತೆ.

"ನಾಳೆ ನೀ ಗಾಣದ ಕಡೆ ಬರಬೇಕು. ನಿನಗ ಬ್ಯಾಡ ಅನಿಸಿದ್ರ ಬ್ಯಾಡ ಅನ್ನು."

"ಬಾಯ್ಲರಿಂದು ನನಗೇನ ತಿಳೀತೈತ್ರಿ ಮಾವಾರ?"

"ತಿಳದಾವ್ರು ಬ್ಯಾಡ ಅನ್ನಂಗಿಲ್ಲ. ಅವರಿಗೆ ತಿರಗೂದು ನೋಡೂ ಆಸೆ ಇರ್ತೈತಿ. ಆ ಪುಸ್ತಕದಾಗಿನ ಮನಷ್ಯಾಗ ಬಾಜೂಕ ಬ್ಯಾಡ ಅನ್ನಾವ್ರು ಯಾರೂ ಇರಲಿಲ್ಲ. ನನಗ ನೀ ಇದ್ದಿ."

ಮರುದಿನದ ಮಧ್ಯಾಹ್ನವನ್ನು ಚಿತ್ರಕತೆಯ ಚೌಕಗಳಲ್ಲೇ ಹೇಳುತ್ತೇನೆ, ಯಾಕೆಂದರೆ ನನ್ನಲ್ಲಿ ಅದು ಹಾಗೇ ಉಳಿದಿದೆ, ನಡುನಡುವೆ ಬಿಳಿಯ ಖಾಲಿ ಜಾಗದೊಂದಿಗೆ.

ಮೊದಲ ಚೌಕ: ಒಲೆಗೆ ಸಿಪ್ಪೆ ತುಂಬುತ್ತಿದ್ದಾರೆ. ನನ್ನ ಗಂಡ ಕೈಕಟ್ಟಿ ನಿಂತಿದ್ದಾರೆ, ಆದರೆ ಕಣ್ಣು ಬಾಯ್ಲರ್ ಮೇಲಿದೆ. ಮಗನಿಗೂ ತಿರುಗುವುದನ್ನು ನೋಡುವ ಆಸೆ.

ಎರಡನೆಯದು: ಹಬೆ ಬಂತು. ಗಾಣದ ಚಕ್ರ ಒಂದು ಹಲ್ಲಿನಷ್ಟು ಸರಿದು ನಿಂತಿತು. ಆಳುಗಳು ಹೋ ಎಂದರು. "ಇನ್ನೊಂಚೂರ ಬೆಂಕಿ" ಅಂದರು ಮಾವನವರು. ಕನ್ನಡಕ ಕಣ್ಣಿನ ಮೇಲಿತ್ತು, ಹಲ್ಲು ಕಾಣುವಂತೆ ನಗುತ್ತಿದ್ದರು. ಅವರನ್ನು ಅಷ್ಟು ಸುಂದರವಾಗಿ ನಾನು ಮತ್ತೆಂದೂ ನೋಡಲಿಲ್ಲ.

ಮೂರನೆಯದು: ಟ್ಯಾಂಕಿನ ಬೆಸುಗೆಯ ಗೆರೆಯ ಮೇಲೆ ನೀರಿನ ಹನಿಗಳು. ಒಂದರ ಪಕ್ಕ ಒಂದು, ಸಾಲಾಗಿ. ನಾನು ನೋಡಿದ್ದು ಇದನ್ನು. ಕಬ್ಬಿನ ಹಾಲು ಸಿಡಿದಿತ್ತು ಅಷ್ಟೇ ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ಬೆಸುಗೆ ನನ್ನದು, ಅದು ಬೆವರುವುದಿಲ್ಲ ಎಂದು ವೆಲ್ಡರ್ ಆವತ್ತೇ ಹೇಳಿದ. ಟ್ಯಾಂಕು ಗುಡುಗುತ್ತಿತ್ತು ಎಂದು ಅತ್ತೆ ಹೇಳುತ್ತಿದ್ದರು, ಆದರೆ ಅತ್ತೆ ಅಲ್ಲಿ ಇರಲೇ ಇಲ್ಲ.

ನಾಲ್ಕನೆಯ ಚೌಕದಲ್ಲಿ ನಾನು ಮಾವನವರ ಎದುರಿಗೆ ನಿಂತಿದ್ದೇನೆ, ಅವರಿಗೂ ಬಾಯ್ಲರಿಗೂ ನಡುವೆ. ಮೂರರಿಂದ ನಾಲ್ಕಕ್ಕೆ ಹೇಗೆ ಬಂದೆನೋ ನೆನಪಿಲ್ಲ. ಗಂಡಸರೆಲ್ಲ ನೋಡುತ್ತಿದ್ದರು.

"ಬ್ಯಾಡ್ರಿ ಮಾವಾರ."

"ತಿರಗಾಕತ್ತೈತಲ್ಲ ಸೂನಬಾಯಿ."

"ಬ್ಯಾಡ್ರಿ."

ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. ನನ್ನ ಮುಖವನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಾರಣ ಕೇಳಬಹುದಿತ್ತು. ಕೇಳಿದ್ದರೆ ಹನಿಗಳನ್ನು ತೋರಿಸುತ್ತಿದ್ದೆ, ವೆಲ್ಡರ್ ಬಟ್ಟೆಯಿಂದ ಅವನ್ನು ಒರೆಸಿಬಿಡುತ್ತಿದ್ದ, ನನ್ನ ಮಾತು ಅಲ್ಲಿಗೆ ಸಾಯುತ್ತಿತ್ತು. ಅವರು ಕೇಳಲಿಲ್ಲ.

"ಬೆಂಕಿ ಎಳೀರಿ" ಅಂದರು. "ಹಬಿ ಬಿಡ್ರಿ."

ಆಳುಗಳು ಒಲೆಯಿಂದ ಉರಿಯುವ ಸಿಪ್ಪೆಯನ್ನು ಹೊರಗೆಳೆದರು. ಹಬೆ ಬಹಳ ಹೊತ್ತು ಸೀಟಿ ಊದುತ್ತ ಹೋಯಿತು. ಯಾವುದೂ ಸಿಡಿಯಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಹಾಗಾಗಿ ನಾನು ಹೇಳಿದ್ದು ಸರಿಯಿತ್ತು ಎನ್ನಲು ಯಾವ ಸಾಕ್ಷಿಯೂ ಉಳಿಯಲಿಲ್ಲ. ಮಾವನವರು ಆ ಬಾಯ್ಲರನ್ನು ಮತ್ತೆ ಹಚ್ಚಲಿಲ್ಲ. ಸುಗ್ಗಿ ಮುಗಿಯಿತು. ಮಗನಿಗೆ ಕೊಟ್ಟ ಮಾತಿನಂತೆ ಗಾಣ ನಿಂತಿತು, ಮುಂದಿನ ವರ್ಷ ನಮ್ಮ ಕಬ್ಬು ಫ್ಯಾಕ್ಟರಿಗೆ ಹೋಯಿತು.

ಊರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಬೇಕಿರಲಿಲ್ಲ. ಚಹದಂಗಡಿಯಲ್ಲಿ, ಬಸದಿಯ ಕಟ್ಟೆಯಲ್ಲಿ, ಎಲ್ಲಿ ಹೋದರೂ ಯಾರಾದರೊಬ್ಬರು, "ಯಾಕ್ರಿ ಸಾವಕಾರ್ರ, ಗಾಣ ಬಿಟ್ಟರಂತ?" ಎಂದು ಕೆಣಕುವರು. ಬಾಯ್ಲರ್ ಸರಿಯಿರಲಿಲ್ಲ ಅನ್ನಬಹುದಿತ್ತು. ವಯಸ್ಸಾಯಿತು ಅನ್ನಬಹುದಿತ್ತು. ಅವರು ಹೇಳುತ್ತಿದ್ದುದು ಒಂದೇ ಮಾತು: "ಸೊಸಿ ಬ್ಯಾಡ ಅಂದ್ಲು."

"ಸೊಸಿ ಹೇಳಿದ್ಲಂತ ಗಾಣಾನ ಬಿಟ್ರಿ?"

"ಹೌದು."

ಅದರಲ್ಲಿ ಕಹಿ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಗೋಕಾಕದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರೆ ಹೇಳುವ ಹಾಗೆ ಹೇಳುವರು. ಓದು ನಿಲ್ಲಲಿಲ್ಲ. ಹೊಸ್ತಿಲು, ಬೆನ್ನು, ಹೆಗಲ ಮೇಲಿನ ಪುಟ, ಎಲ್ಲ ಹಾಗೇ ನಡೆಯಿತು. ಒಮ್ಮೆ ಓದಿನ ನಡುವೆ ನಾನೇ ಕೇಳಿದೆ: "ಮಾವಾರ, ಅದು ಖರೇನ ಸಿಡೀತಿತ್ತೇನ್ರಿ?"

ಅವರು ಪುಟ ತಿರುವಿದರು. "ಯಾಂವಗ ಗೊತ್ತು? ಗೊತ್ತಾಗಬಾರದು ಅಂತನ ನಿನ್ನ ನಿಂದರಿಸಿದ್ದೆ. ಮುಂದ ಓದು."

ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾದ ಮೇಲೆ, ಬೇಸಿಗೆಯ ಒಂದು ಬೆಳಗ್ಗೆ ಅವರು ತೀರಿಕೊಂಡರು. ಹೆಚ್ಚು ನರಳಲಿಲ್ಲ. ಸಾವಿನ ಮನೆಯವರನ್ನು ಮಾತನಾಡಿಸಲು ದಡ್ಡಿ ಎಂಬ ಊರಿನಿಂದ ಬಂದಿದ್ದ ದೂರದ ಸಂಬಂಧಿಯೊಬ್ಬರು ಪಡಸಾಲೆಯಲ್ಲಿ ಗಂಡಸರ ನಡುವೆ ಕೂತು ಹಳೆಯದನ್ನೆಲ್ಲ ತೆಗೆದರು. "ಇವರ ಗಾಣದ ಬೆಲ್ಲಂದ್ರ ಬೆಲ್ಲ. ಎಂಥಾ ಗಾಣಾ. ಯಾಕ ಬಿಟ್ಟರೋ ಏನೋ."

ನನ್ನ ಗಂಡ ನೆಲ ನೋಡಿದರು. ಆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದವರು ಅಲ್ಲಿರಲಿಲ್ಲ. ನಾನು ಅಡಿಗೆಮನೆಯಿಂದ ಪಡಸಾಲೆಗೆ ಬಂದು ಆ ಸಂಬಂಧಿಕರ ಎದುರಿಗೆ ನಿಂತೆ.

"ನಾ ಬ್ಯಾಡ ಅಂದಿದ್ದೆ ರೀ" ಅಂದೆ.